ಪೋಪ್ ಮಾತು ಮೊದಲಿನಿಂದಲೂ ಕೊನೆಯ ಮಾತಾಗಿತ್ತಾ? ಮೊದಲ 700 ವರ್ಷಗಳ ಬಗ್ಗೆ ಚರ್ಚೆ

ಹಳೇಕಾಗದ

ಬಿಷಪ್‌ಗಳು ಸೇರಿ ಕ್ರೈಸ್ತ ನಂಬಿಕೆ, ನಿಯಮಗಳನ್ನು ತೀರ್ಮಾನಿಸಿದ ನೈಸಿಯಾ ಮಹಾಸಭೆಗೆ 2025ರಲ್ಲಿ 1700 ವರ್ಷ ತುಂಬಿತು. ಆ ನೆಪದಲ್ಲಿ ಬಂದ ಲೇಖನ, ವಿಡಿಯೊಗಳಲ್ಲಿ ಎರಡೇ ಥರದ ಮಾತು. ಯೇಸುವಿನ ಶಿಷ್ಯ ಪೇತ್ರನ ಕಾಲದಿಂದ ಇವತ್ತಿನವರೆಗೂ ಪೋಪ್ ಹೇಳಿದ್ದೇ ಕಾನೂನು ಅಂತ ಒಂದು ಕಡೆಯವರು. ಅದೆಲ್ಲ ರೋಮಿನವರು ಆಮೇಲೆ ಕಟ್ಟಿದ ಕತೆ, ಪೂರ್ವದವರು, ಅಂದರೆ ಗ್ರೀಸ್, ಟರ್ಕಿ, ಸಿರಿಯಾ, ಈಜಿಪ್ಟ್ ಕಡೆಯ ಕ್ರೈಸ್ತರು, ಯಾವತ್ತೂ ಸೊಪ್ಪು ಹಾಕಿರಲಿಲ್ಲ ಅಂತ ಇನ್ನೊಂದು ಕಡೆಯವರು.

ನನ್ನ ವಾದ ಬೇರೆ. ರೋಮಿನ ಬಿಷಪ್‌ಗೆ (ಪೋಪ್ ಅಂದರೆ ಅವರೇ) ಅಷ್ಟು ತೂಕ ಬರೋದರಲ್ಲಿ ಪೂರ್ವದವರ ಪಾಲೇ ಜಾಸ್ತಿ. ಅಲ್ಲಿ ಜಗಳವಾದಾಗಲೆಲ್ಲ ಸೋತವರು ರೋಮಿಗೆ ಓಡುತ್ತಿದ್ದರು. ಗೆದ್ದವರು, ರೋಮಿಗೇನು ಹಕ್ಕು ಅಂತ ಕೇಳುತ್ತಿದ್ದರು. ಮುಂದಿನ ಜಗಳದಲ್ಲಿ ಇವರು ಸೋತರೆ ಇವರೂ ಅದೇ ದಾರಿ ಹಿಡಿಯುತ್ತಿದ್ದರು.

ಇನ್ನೊಂದು ವಿಷಯ. ಮೊದಲ ಎರಡು ಶತಮಾನದ ರೋಮಿನ ಧರ್ಮಸಭೆಯನ್ನು 'ಪಶ್ಚಿಮ' ಅಂತ ಕರೆಯೋದೇ ಕಷ್ಟ. ಅಲ್ಲಿನ ಕ್ರೈಸ್ತರು ಮಾತಾಡಿದ್ದು, ಬರೆದಿದ್ದು, ಪ್ರಾರ್ಥಿಸಿದ್ದು ಗ್ರೀಕಿನಲ್ಲಿ. ರೋಮಿನ ಹೊರಗೆ ಕ್ಯಾಲಿಸ್ಟಸ್ ನೆಲಮಾಳಿಗೆ ಸ್ಮಶಾನ ಇದೆ. ಮೂರನೇ ಶತಮಾನದ ಬಿಷಪ್‌ಗಳ ಸಮಾಧಿಕೋಣೆ ಅಲ್ಲೇ ಇರೋದು. 1854ರಲ್ಲಿ ಅದು ಪತ್ತೆಯಾದಾಗ ಪೊಂಟಿಯನ್, ಆಂಟೆರಸ್, ಫೇಬಿಯನ್, ಲೂಸಿಯಸ್ ಇವರ ಹೆಸರಿನ ಕಲ್ಲುಗಳು ಸಿಕ್ಕವು. ಎಲ್ಲವೂ ಗ್ರೀಕ್ ಅಕ್ಷರದಲ್ಲಿ. ಅಷ್ಟರಲ್ಲಿ ಆಫ್ರಿಕಾದ ಕಾರ್ತೇಜಿನಲ್ಲಿ ಟರ್ಟುಲಿಯನ್ ಲ್ಯಾಟಿನ್‌ನಲ್ಲಿ ದೇವತಾಶಾಸ್ತ್ರ ಬರೆದು ಒಂದು ತಲೆಮಾರು ಕಳೆದಿತ್ತು. ಲ್ಯಾಟಿನ್ ಕ್ರೈಸ್ತ ಧರ್ಮದ ತವರು ರೋಮ್ ಅಲ್ಲ, ಟುನೀಶಿಯಾ ಕಡೆಯದು.

ಯಾರು ಏನಂತೀರಿ?

ಸುಮ್ನೆಓದುಗ

ನಾನು ಕ್ರೈಸ್ತನಲ್ಲ, ಇತಿಹಾಸದ ಹುಚ್ಚು ಅಷ್ಟೇ. ಒಂದು ದಡ್ಡ ಪ್ರಶ್ನೆ. ಕೂಡುಕುಟುಂಬದಲ್ಲಿ ದೊಡ್ಡಣ್ಣನಿಗೆ ಒಂದು ಮರ್ಯಾದೆ ಇರುತ್ತೆ, ಅಪ್ಪನಿಗೆ ಇನ್ನೊಂದು. ಅಣ್ಣನ ಮಾತನ್ನು ಕೇಳ್ತೀವಿ, ಜಗಳಾನೂ ಆಡ್ತೀವಿ. ಅಪ್ಪನ ಹತ್ತಿರ ಹಾಗಲ್ಲ. ಬೇರೆ ಬಿಷಪ್‌ಗಳ ಕಣ್ಣಿಗೆ ರೋಮಿನ ಬಿಷಪ್ ಅಣ್ಣನೋ, ಅಪ್ಪನೋ?

ಕಲ್ಯಾಣಪುರ_ಹೊಳೆಬದಿ

ದಡ್ಡ ಪ್ರಶ್ನೆ ಅಲ್ಲ ಮಾರಾಯ್ರೇ, ಅದೇ ಅಸಲು ಪ್ರಶ್ನೆ. ನಾನು ಕಥೋಲಿಕ. ನನ್ನ ಉತ್ತರ ಅಪ್ಪ ಅಂತಲೇ. ಆದರೆ ಮಗು ಹುಟ್ಟಿದ ದಿನವೇ ಮೀಸೆ ಬರುವುದಿಲ್ಲ ಅಲ್ವಾ?

ಸುಮಾರು ಕ್ರಿ.ಶ. 96ರ ಕತೆ ನೋಡಿ. ಗ್ರೀಸಿನ ಕೊರಿಂಥದಲ್ಲಿ ಕೆಲವರು ಸೇರಿ ತಮ್ಮ ಹಿರಿಯರನ್ನು ಅಧಿಕಾರದಿಂದ ಇಳಿಸಿದರು. ರೋಮಿನ ಕ್ರೈಸ್ತ ಸಭೆ 65 ಅಧ್ಯಾಯದ ಉದ್ದನೆಯ ಪತ್ರ ಬರೆಯಿತು. ಇಳಿಸಿದವರನ್ನು ಮತ್ತೆ ಕೂರಿಸಿ ಎಂದಿತು. ಪತ್ರದ ಜೊತೆ ಮೂವರನ್ನೂ ಕಳಿಸಿತು. ಕೊರಿಂಥದವರು ಅದನ್ನು ಹರಿದು ಬಿಸಾಡಿದರಾ? ಇಲ್ಲ. ಸುಮಾರು 70 ವರ್ಷದ ನಂತರ ಕೊರಿಂಥದ ಬಿಷಪ್ ದಿಯೊನಿಸಿಯಸ್ ಬರೆಯುತ್ತಾರೆ, ಆ ಪತ್ರವನ್ನು ನಾವು ಈಗಲೂ ಆರಾಧನೆಯಲ್ಲಿ ಓದುತ್ತೇವೆ ಅಂತ. ಪಕ್ಕದ ಎಫೆಸ ಬಿಟ್ಟು ಅಷ್ಟು ದೂರದ ರೋಮ್ ಯಾಕೆ ಮಾತಾಡಬೇಕಿತ್ತು?

ಲ್ಯಾಟಿನ್_ಮೇಷ್ಟ್ರು

ಪತ್ರದ ಸಂಗತಿ ಸರಿ. ಆದರೆ ಅದನ್ನು ಬರೆದವರು 'ರೋಮಿನಲ್ಲಿ ವಾಸವಾಗಿರುವ ದೇವರ ಸಭೆ' ಎಂದು ತಮ್ಮನ್ನು ಕರೆದುಕೊಂಡಿದ್ದಾರೆ. ಇದನ್ನು ಬರೆದವರು ಅಂತ ಹೇಳೋ ರೋಮಿನ ಬಿಷಪ್ ಕ್ಲೆಮೆಂಟ್ ಹೆಸರು ಪತ್ರದ ಒಳಗೆ ಎಲ್ಲೂ ಇಲ್ಲ, ಸಂಪ್ರದಾಯದಿಂದ ಬಂದಿದ್ದು. ಸುಮಾರು 110ರಲ್ಲಿ ಸಿರಿಯಾದ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಬೇರೆ ಊರುಗಳಿಗೆ ಬರೆದಾಗ ಬಿಷಪ್ ಮಾತು ಕೇಳಿ, ಬಿಷಪ್ ಮಾತು ಕೇಳಿ ಅಂತ ಹತ್ತು ಸಲ ಹೇಳುತ್ತಾರೆ. ರೋಮಿಗೆ ಬರೆದ ಪತ್ರದಲ್ಲಿ ಅಲ್ಲಿನ ಬಿಷಪ್ ಸುದ್ದಿಯೇ ಇಲ್ಲ. ಎರಡನೇ ಶತಮಾನದ ನಡುವಿನವರೆಗೂ ರೋಮನ್ನು ಹಿರಿಯರ ಗುಂಪೇ ನಡೆಸುತ್ತಿತ್ತು ಅನ್ನೋದು ಬಹಳಷ್ಟು ಇತಿಹಾಸಕಾರರ ಅಭಿಪ್ರಾಯ. ಕಥೋಲಿಕ ವಿದ್ವಾಂಸರಲ್ಲೂ ಅನೇಕರು ಇದನ್ನು ಒಪ್ಪುತ್ತಾರೆ.

ಹಾಗಂತ ರೋಮಿಗೆ ತೂಕವೇ ಇರಲಿಲ್ಲ ಅಂತಲ್ಲ. ಅದೇ ಇಗ್ನೇಷಿಯಸ್, ರೋಮಿನ ಸಭೆ ಪ್ರೀತಿಯಲ್ಲಿ ಮುಂದಾಳು ಎಂದು ಹೊಗಳುತ್ತಾರೆ. ಪೇತ್ರ, ಪೌಲ ಇಬ್ಬರೂ ರಕ್ತಸಾಕ್ಷಿಗಳಾದ ಊರು ಅದು. ರಾಜಧಾನಿ ಬೇರೆ. ಬಡ ಊರುಗಳ ಸಭೆಗಳಿಗೆ ದುಡ್ಡು ಕಳಿಸುತ್ತಿದ್ದ ಸಭೆಯೂ ಹೌದು. ಕೊರಿಂಥದ ದಿಯೊನಿಸಿಯಸ್ ತಮ್ಮ ಪತ್ರದಲ್ಲಿ ಅದಕ್ಕೆ ಕೃತಜ್ಞತೆ ಹೇಳಿದ್ದಾರೆ. ಈ ದುಡ್ಡಿನ ಮಾತನ್ನು ಎರಡು ಕಡೆಯವರೂ ಎತ್ತೋದಿಲ್ಲ, ಯಾಕೋ.

ಬ್ರಹ್ಮಾವರದವ

ಪೋಪ್ ವಿಕ್ಟರ್ ಕತೆ ಬರದೆ ಈ ಚರ್ಚೆ ಮುಂದೆ ಹೋಗುವುದಿಲ್ಲ. ಯಾರಾದರೂ ಸರಿಯಾಗಿ ಬರೆಯಿರಿ. ಎಲ್ಲ ಕಡೆ ಅರ್ಧ ಕತೆಯೇ ಉಂಟು.

ಹಳೇಕಾಗದ

ಬರೆಯುತ್ತೇನೆ. ಇದಕ್ಕೆ ಮೂಲ ನಾಲ್ಕನೇ ಶತಮಾನದ ಬಿಷಪ್ ಯೂಸೀಬಿಯಸ್ ಬರೆದ ಧರ್ಮಸಭೆಯ ಚರಿತ್ರೆಯ ಐದನೇ ಭಾಗ.

ಏಷ್ಯಾ ಪ್ರಾಂತ್ಯದ, ಅಂದರೆ ಇವತ್ತಿನ ಟರ್ಕಿಯ ಪಶ್ಚಿಮ ಭಾಗದ ಕ್ರೈಸ್ತರು ಯೆಹೂದಿ ತಿಂಗಳು ನೀಸಾನಿನ 14ನೇ ದಿನ ಪಾಸ್ಕ ಹಬ್ಬ (ಈಸ್ಟರ್) ಆಚರಿಸುತ್ತಿದ್ದರು. ಅದು ಯಾವ ವಾರವಾದರೂ ಸರಿ. ಉಳಿದ ಕಡೆ ಭಾನುವಾರ. ಸುಮಾರು 155ರಲ್ಲಿ ಸ್ಮಿರ್ನಾದ ಮುದುಕ ಬಿಷಪ್ ಪಾಲಿಕಾರ್ಪ್ ರೋಮಿಗೆ ಬಂದು ಅಲ್ಲಿನ ಬಿಷಪ್ ಅನಿಸೆಟಸ್ ಜೊತೆ ಕೂತು ಮಾತಾಡಿದರು. ಇಬ್ಬರೂ ಒಪ್ಪಲಿಲ್ಲ. ಇದು ನಮಗೆ ಯೇಸುವಿನ ಶಿಷ್ಯ ಯೋಹಾನರಿಂದ ಬಂದದ್ದು ಅಂತ ಪಾಲಿಕಾರ್ಪ್. ನಮ್ಮ ಹಿರಿಯರು ಮಾಡಿದ್ದನ್ನು ಬಿಡೋಕಾಗಲ್ಲ ಅಂತ ಅನಿಸೆಟಸ್. ಆದರೂ ಅನಿಸೆಟಸ್ ತಮ್ಮ ಸಭೆಯಲ್ಲಿ ಪರಮಪ್ರಸಾದದ ಆರಾಧನೆ ನಡೆಸಲು ಪಾಲಿಕಾರ್ಪ್ ಅವರಿಗೇ ಬಿಟ್ಟುಕೊಟ್ಟರು. ನೆಮ್ಮದಿಯಿಂದ ಬೀಳ್ಕೊಂಡರು.

ಮೂವತ್ತೈದು ನಲವತ್ತು ವರ್ಷ ಬಿಟ್ಟು ವಿಕ್ಟರ್ ರೋಮಿನ ಬಿಷಪ್. ಎಲ್ಲ ಕಡೆ ಸಭೆ ಸೇರಿ ತೀರ್ಮಾನ ತಿಳಿಸಿ ಅನ್ನೋ ಮಾತು ಹೋಯಿತು. ಪ್ಯಾಲೆಸ್ಟೈನ್, ಪೊಂತ, ಗಾಲ್ (ಇವತ್ತಿನ ಫ್ರಾನ್ಸ್), ಒಸ್ರೊಯೇನ್, ಕೊರಿಂಥ ಎಲ್ಲರೂ ಭಾನುವಾರ ಅಂದರು. ಏಷ್ಯಾದವರು ಮಾತ್ರ ಅಲುಗಲಿಲ್ಲ. ಎಫೆಸದ ಬಿಷಪ್ ಪಾಲಿಕ್ರೆಟಿಸ್ ಬರೆದ ಉತ್ತರ ಉಳಿದಿದೆ. ಓದಿದರೆ ಆ ಮನುಷ್ಯನೇ ಎದುರು ಕೂತಂಗಿದೆ. ಫಿಲಿಪ್ಪ ಹಿಯೆರಾಪೊಲಿಯಲ್ಲಿ ಮಲಗಿದ್ದಾರೆ, ಯೋಹಾನ ಎಫೆಸದಲ್ಲಿ ಮಲಗಿದ್ದಾರೆ, ಪಾಲಿಕಾರ್ಪ್ ಸ್ಮಿರ್ನಾದಲ್ಲಿ, ಮೆಲಿಟೊ ಸಾರ್ದಿಸಿನಲ್ಲಿ ಅಂತ ಒಬ್ಬೊಬ್ಬರ ಸಮಾಧಿಯನ್ನೂ ಎಣಿಸುತ್ತಾರೆ. ನಮ್ಮ ಮನೆತನದಲ್ಲಿ ಏಳು ಜನ ಬಿಷಪ್ ಆಗಿದ್ದರು, ನಾನು ಎಂಟನೆಯವನು ಅನ್ನುತ್ತಾರೆ. ಕರ್ತನಲ್ಲಿ 65 ವರ್ಷ ಕಳೆದವನು, ಬೆದರಿಕೆಗೆ ಹೆದರೋನಲ್ಲ, ಮನುಷ್ಯರಿಗಿಂತ ದೇವರ ಮಾತು ಕೇಳಬೇಕು ಅಂತ ಮುಗಿಸುತ್ತಾರೆ.

ವಿಕ್ಟರ್ ಸಿಟ್ಟಾಗಿ ಇಡೀ ಏಷ್ಯಾದ ಸಭೆಗಳನ್ನು ಸಂಬಂಧದಿಂದ ಕಡಿದುಹಾಕಲು ಹೊರಟರು. ಆಗ ತಡೆದವರು ಬೇರೆ ಬಿಷಪ್‌ಗಳು. ಕೆಲವರು ಬಿರುಸಾಗಿಯೇ ಬೈದರು ಅನ್ನುತ್ತಾನೆ ಯೂಸೀಬಿಯಸ್. ಅವರಲ್ಲಿ ಗಾಲ್‌ನ ಲಿಯಾನಿನ ಇರೇನಿಯಸ್ ಒಬ್ಬರು. ಪಾಲಿಕಾರ್ಪ್ ಮತ್ತು ಅನಿಸೆಟಸ್ ಕತೆ ನಮಗೆ ಸಿಗೋದು ಇರೇನಿಯಸ್ ವಿಕ್ಟರ್‌ಗೆ ಬರೆದ ಆ ಬುದ್ಧಿವಾದದ ಪತ್ರದಿಂದಲೇ.

ಬ್ರಹ್ಮಾವರದವ

ಧನ್ಯವಾದ ಸರ್. ಅಪ್ಪನಾಗಿದ್ದರೆ ಹೀಗೆ ಬೈಸಿಕೊಳ್ಳುತ್ತಿದ್ದರಾ?

ಕಲ್ಯಾಣಪುರ_ಹೊಳೆಬದಿ

ಒಂದು ನಿಮಿಷ. ಇರೇನಿಯಸ್ ವಿಕ್ಟರ್‌ಗೆ ಏನು ಹೇಳಿದರು? 'ಹಾಗೆ ಮಾಡಬೇಡಿ' ಅಂತ. 'ನಿಮಗೆ ಆ ಅಧಿಕಾರ ಇಲ್ಲ' ಅಂದದ್ದು ಉಳಿದಿರುವ ಭಾಗದಲ್ಲಿ ಎಲ್ಲೂ ಇಲ್ಲ. ಪಾಲಿಕ್ರೆಟಿಸ್ ಕೂಡ ಬಿಷಪ್‌ಗಳನ್ನು ಕೂಡಿಸಿದ್ದು ನೀವು ಕೇಳಿದ್ದಕ್ಕೆ ಅಂತಲೇ ಬರೆಯುತ್ತಾರೆ. ಮತ್ತೆ ಇದೇ ಇರೇನಿಯಸ್ ಸುಮಾರು 180ರಲ್ಲಿ ಪಾಷಂಡಿಗಳ ವಿರುದ್ಧ ಬರೆದ ಪುಸ್ತಕದಲ್ಲಿ ರೋಮಿನ ಬಿಷಪ್‌ಗಳ ಸಾಲನ್ನು ಪೂರ್ತಿ ಕೊಟ್ಟು, ಎಲ್ಲ ಸಭೆಗಳೂ ಈ ಸಭೆಯ ಜೊತೆ ಹೊಂದಿಕೊಳ್ಳಬೇಕು ಅನ್ನುವ ಅರ್ಥದ ಮಾತು ಬರೆದಿದ್ದಾರೆ. ಕೊನೆಗೆ ನೈಸಿಯಾದಲ್ಲಿ ಗೆದ್ದದ್ದೂ ಭಾನುವಾರವೇ.

ಲ್ಯಾಟಿನ್_ಮೇಷ್ಟ್ರು

ಇರೇನಿಯಸ್ ವಾಕ್ಯದ ಗ್ರೀಕ್ ಮೂಲ ಕಳೆದುಹೋಗಿದೆ, ಲ್ಯಾಟಿನ್ ಅನುವಾದ ಮಾತ್ರ ಇದೆ. ಅದರ ಮೇಲೆ ನೂರಾರು ಪುಟದ ಜಗಳ ನಡೆದಿದೆ. ಇಲ್ಲಿ ಅದನ್ನು ಎಳೆಯೋದು ಬೇಡ. ನನಗೆ ಕುತೂಹಲ ಇರೋದು ಆ ಮನುಷ್ಯನ ಬಗ್ಗೆ. ಇರೇನಿಯಸ್ ಹುಡುಗನಾಗಿದ್ದಾಗ ಪಾಲಿಕಾರ್ಪ್ ಮಾತನ್ನು ಕೇಳಿ ಬೆಳೆದವರು, ಅಂದರೆ ಏಷ್ಯಾದವರು. ಫ್ರಾನ್ಸಿನಲ್ಲಿ ಬಿಷಪ್. ಗ್ರೀಕಿನಲ್ಲಿ ಬರೆದರು. ರೋಮಿನ ಪರವಾಗಿ ಎಲ್ಲರೂ ತೋರಿಸುವ ಈ ಹಳೆಯ ಸಾಕ್ಷಿ ಪೂರ್ವದವನದು. ಅದೇ ಮನುಷ್ಯ ರೋಮಿಗೆ ಬುದ್ಧಿ ಹೇಳಿದವನೂ ಹೌದು. ವಿಕ್ಟರ್ ಆಫ್ರಿಕಾದವರು, ಅನಿಸೆಟಸ್ ಸಿರಿಯಾದ ಎಮೆಸಾದವರು ಅಂತ ಪೋಪರ ಹಳೆಯ ಚರಿತ್ರೆ ಹೇಳುತ್ತದೆ. ಇಷ್ಟು ಕಲಸಿಹೋಗಿರೋ ಜನರ ನಡುವೆ ಪೂರ್ವ, ಪಶ್ಚಿಮ ಅಂತ ಗೆರೆ ಎಳೆಯೋದು ಎಲ್ಲಿ?

ಪೇತ್ರನ ಹೆಸರು ಹಿಡಿದು ಅಧಿಕಾರ ಕೇಳಿದ ಮೊದಲ ರೋಮ್ ಬಿಷಪ್ ನಮಗೆ ಗೊತ್ತಿರೋ ಮಟ್ಟಿಗೆ ಸ್ಟೀಫನ್, ಅದೂ 250ರ ದಶಕದಲ್ಲಿ. ಭಿನ್ನಮತದವರು ಕೊಟ್ಟ ಜ್ಞಾನಸ್ನಾನ ನಡೆಯುತ್ತಾ ಇಲ್ಲವಾ ಅನ್ನೋ ಜಗಳ. ಕಾರ್ತೇಜಿನ ಸಿಪ್ರಿಯನ್ ನಡೆಯಲ್ಲ ಅಂದರು. 256ರಲ್ಲಿ 87 ಬಿಷಪ್‌ಗಳನ್ನು ಸೇರಿಸಿ, ನಮ್ಮಲ್ಲಿ ಯಾರೂ ತನ್ನನ್ನು ಬಿಷಪ್‌ಗಳ ಬಿಷಪ್ ಅಂದುಕೊಳ್ಳೋದಿಲ್ಲ ಅಂತ ಶುರು ಮಾಡಿದರು. ಕುಟುಕಿದ್ದು ಯಾರಿಗೆ ಅಂತ ಎಲ್ಲರಿಗೂ ಗೊತ್ತಿತ್ತು. ಇವತ್ತಿನ ಟರ್ಕಿಯ ಕಪ್ಪದೋಕ್ಯದಿಂದ ಫರ್ಮಿಲಿಯನ್ ಅನ್ನೋ ಬಿಷಪ್ ಇನ್ನೂ ಖಾರವಾಗಿ ಬರೆದರು: ಎಲ್ಲರನ್ನೂ ಕಡಿಯಲು ಹೋಗಿ ಸ್ಟೀಫನ್ ತನ್ನನ್ನೇ ಕಡಿದುಕೊಂಡಿದ್ದಾರೆ ಅಂತ. ಇಲ್ಲಿ ಲ್ಯಾಟಿನ್ ಆಫ್ರಿಕಾ ಮತ್ತು ಗ್ರೀಕ್ ಪೂರ್ವ ಒಂದು ಕಡೆ, ರೋಮ್ ಇನ್ನೊಂದು ಕಡೆ. ಮುಂದೆ ಪಶ್ಚಿಮದಲ್ಲಿ ಉಳಿದದ್ದು ಮಾತ್ರ ಸ್ಟೀಫನ್ ಹೇಳಿದ್ದೇ.

ಶಿವಮೊಗ್ಗದ_ಮಳೆ

ಮಧ್ಯೆ ಬಾಯಿ ಹಾಕ್ತಿದ್ದೀನಿ. ರಾಜರು ಎಲ್ಲಿ? ಇಷ್ಟೊತ್ತು ಬರೀ ಬಿಷಪ್‌ಗಳೇ ಓಡಾಡ್ತಿದ್ದಾರೆ.

ಲ್ಯಾಟಿನ್_ಮೇಷ್ಟ್ರು

ಮೊದಲು ಬರುವವನು ಕ್ರೈಸ್ತನೂ ಅಲ್ಲದ ಚಕ್ರವರ್ತಿ. ಅಂತಿಯೋಕ್ಯದ ಬಿಷಪ್ ಸಮೊಸಾಟದ ಪೌಲನನ್ನು ಬಿಷಪ್‌ಗಳ ಸಭೆ ಪದಚ್ಯುತಿ ಮಾಡಿತು. ಅವನು ಇಗರ್ಜಿಯ ಕಟ್ಟಡ ಖಾಲಿ ಮಾಡಲಿಲ್ಲ. ಕೇಸು 272ರ ಹೊತ್ತಿಗೆ ಔರೇಲಿಯನ್ ಮುಂದೆ ಹೋಯಿತು. ಇಟಲಿ ಮತ್ತು ರೋಮಿನ ಬಿಷಪ್‌ಗಳು ಯಾರ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದಾರೋ ಅವರಿಗೆ ಕಟ್ಟಡ ಕೊಡಿ ಅಂತ ತೀರ್ಪಾಯಿತು. ಸಿರಿಯಾದ ಬಾಡಿಗೆ ಜಗಳಕ್ಕೆ ರೋಮಿನ ಹೆಸರು ಬಂತು ನೋಡಿ.

ಹಳೇಕಾಗದ

ಮುಂದಿನದು ಕಾನ್‌ಸ್ಟಂಟೈನ್. ನೈಸಿಯಾ ಸಭೆ ಕರೆದದ್ದು ಅವನೇ, 325ರಲ್ಲಿ. ರೋಮಿನ ಸಿಲ್ವೆಸ್ಟರ್ ಹೋಗಲಿಲ್ಲ, ಇಬ್ಬರು ಗುರುಗಳನ್ನು, ಅಂದರೆ ಪಾದ್ರಿಗಳನ್ನು, ಕಳಿಸಿದರು. ಆರನೇ ನಿಯಮ ಹೇಳೋದಿಷ್ಟು: ಈಜಿಪ್ಟ್, ಲಿಬಿಯಾ, ಪೆಂಟಾಪೊಲಿಸ್ ಮೇಲೆ ಅಲೆಕ್ಸಾಂಡ್ರಿಯದ ಬಿಷಪ್‌ಗೆ ಹಳೆಯ ಪದ್ಧತಿಯ ಅಧಿಕಾರ ಇರಲಿ, ರೋಮಿನ ಬಿಷಪ್‌ಗೂ ಇಂಥದೇ ಪದ್ಧತಿ ಇದೆಯಲ್ಲ, ಅಂತಿಯೋಕ್ಯಕ್ಕೂ ಹಾಗೇ. ಈ ನಿಯಮ ನೆನಪಿಡಿ, ಆಮೇಲೆ ಇದರ ಮೇಲೇ ದೊಡ್ಡ ಗಲಾಟೆ ಇದೆ.

ಅದಾದ ಮೇಲೆ ಬಿಷಪ್ ಅಥನೇಸಿಯಸ್. ಅಲೆಕ್ಸಾಂಡ್ರಿಯದಿಂದ ಅವರನ್ನು ಓಡಿಸಿದಾಗ ರೋಮಿನ ಜೂಲಿಯಸ್ ಹತ್ತಿರ ಬಂದರು. ಪೂರ್ವದ ಸಭೆಗಳು ಇಳಿಸಿದವನನ್ನು ನೀವು ಹೇಗೆ ಒಳಗೆ ಬಿಟ್ಟುಕೊಂಡಿರಿ ಅಂತ ಅಲ್ಲಿನವರು ಕೇಳಿದರು. 343ರಲ್ಲಿ ಸಾರ್ದಿಕಾ, ಅಂದರೆ ಇವತ್ತಿನ ಸೋಫಿಯಾದಲ್ಲಿ ಎರಡೂ ಕಡೆಯವರನ್ನು ಕೂರಿಸಲು ನೋಡಿದರು. ಪೂರ್ವದವರು ಎದ್ದು ಹೋದರು. ಉಳಿದವರು ಒಂದು ನಿಯಮ ಮಾಡಿದರು. ಇಳಿಸಲ್ಪಟ್ಟ ಬಿಷಪ್ ರೋಮಿಗೆ ಮೇಲ್ಮನವಿ ಹಾಕಬಹುದು. ರೋಮಿನ ಬಿಷಪ್‌ಗೆ ಸರಿ ಅನ್ನಿಸಿದರೆ ಅಕ್ಕಪಕ್ಕದ ಪ್ರಾಂತ್ಯದ ಬಿಷಪ್‌ಗಳಿಂದ ಮರುವಿಚಾರಣೆ ಮಾಡಿಸಬಹುದು, ಬೇಕಾದರೆ ತನ್ನ ಗುರುಗಳನ್ನೂ ಕಳಿಸಬಹುದು. ತಾನೇ ಕೂತು ತೀರ್ಪು ಕೊಡುವ ಅಧಿಕಾರ ಅಲ್ಲ.

ಕಲ್ಯಾಣಪುರ_ಹೊಳೆಬದಿ

ಹಕ್ಕು ಇಲ್ಲದ ಕಡೆ ಯಾರಾದರೂ ಮೇಲ್ಮನವಿ ಹಾಕುತ್ತಾರಾ ಸರ್? ಅಥನೇಸಿಯಸ್ ರೋಮಿಗೇ ಬಂದರು. 404ರಲ್ಲಿ ಕಾನ್‌ಸ್ಟಾಂಟಿನೋಪಲ್ (ಇವತ್ತಿನ ಇಸ್ತಾಂಬುಲ್) ಬಿಷಪ್ ಕ್ರಿಸೊಸ್ಟಮ್ ಬರೆದರು. 449ರಲ್ಲಿ ಅದೇ ಊರಿನ ಬಿಷಪ್ ಫ್ಲೇವಿಯನ್ ಬರೆದರು. ಎಲ್ಲ ಪೂರ್ವದ ದೊಡ್ಡವರು.

ಬ್ರಹ್ಮಾವರದವ

ಕ್ರಿಸೊಸ್ಟಮ್ ಒಂದೇ ಪತ್ರವನ್ನು ರೋಮ್, ಮಿಲಾನ್, ಅಕ್ವಿಲೇಯಾ ಮೂರು ಬಿಷಪ್‌ಗಳಿಗೂ ಬರೆದದ್ದು. ಕಷ್ಟದಲ್ಲಿರುವವ ಸಿಕ್ಕಿದ ಬಾಗಿಲನ್ನೆಲ್ಲ ತಟ್ಟುತ್ತಾನೆ.

ಲ್ಯಾಟಿನ್_ಮೇಷ್ಟ್ರು

ಸಾರ್ದಿಕಾ ನಿಯಮದ ಮುಂದಿನ ಭಾಗ ನಾನು ಹೇಳುತ್ತೇನೆ. ಈ ಇಡೀ ಚರ್ಚೆಯಲ್ಲಿ ನನಗೆ ಅತಿ ಇಷ್ಟದ ಪ್ರಸಂಗ ಇದು. ಇದರಲ್ಲಿ ಪೂರ್ವದವರು ಬರೀ ಸಾಕ್ಷಿಗಳು. ಪೋಪ್ ಜೊತೆ ಜಗಳ ಆಡಿದವರು ಲ್ಯಾಟಿನ್‌ನವರೇ.

ಟುನೀಶಿಯಾದ ಸಿಕ್ಕಾ ಅನ್ನೋ ಊರಿನಲ್ಲಿ ಅಪಿಯಾರಿಯಸ್ ಅಂತ ಒಬ್ಬ ಗುರು. ನಡತೆ ಸರಿ ಇರಲಿಲ್ಲ. ಅವನ ಬಿಷಪ್ ಅರ್ಬಾನಸ್ ಬಹಿಷ್ಕಾರ ಹಾಕಿದರು. ಈ ಅರ್ಬಾನಸ್ ಆಫ್ರಿಕಾದ ಹೆಸರಾಂತ ಬಿಷಪ್ ಅಗಸ್ಟೀನ್ ಅವರ ಶಿಷ್ಯ. ಅಪಿಯಾರಿಯಸ್ ಸಮುದ್ರ ದಾಟಿ ಸೀದಾ ರೋಮಿನ ಜೋಸಿಮಸ್ ಹತ್ತಿರ ಹೋದ. 418ರಲ್ಲಿ ಜೋಸಿಮಸ್ ಅವನನ್ನು ಸೇರಿಸಿಕೊಂಡು, ಫೌಸ್ಟಿನಸ್ ಅನ್ನೋ ಬಿಷಪ್ ಜೊತೆ ಇಬ್ಬರು ಗುರುಗಳನ್ನು ಕಾರ್ತೇಜಿಗೆ ಕಳಿಸಿದರು. ಕೈಯಲ್ಲಿ ನಿಯಮದ ಪ್ರತಿ. ನೈಸಿಯಾ ನಿಯಮದ ಪ್ರಕಾರ ರೋಮಿಗೆ ಮೇಲ್ಮನವಿ ಇದೆ, ನೋಡಿ.

ಮೇ 419, ಕಾರ್ತೇಜಿನಲ್ಲಿ ಸಭೆ. ಅಧ್ಯಕ್ಷತೆ ಅಲ್ಲಿನ ಬಿಷಪ್ ಔರೇಲಿಯಸ್, ಅಗಸ್ಟೀನ್ ಕೂಡ ಇದ್ದಾರೆ. ಫೌಸ್ಟಿನಸ್ ನಿಯಮ ಓದಿದರು. ಅಗಸ್ಟೀನ್ ಗೆಳೆಯ ಅಲಿಪಿಯಸ್ ಎದ್ದು ಮರ್ಯಾದೆಯಿಂದಲೇ ಹೇಳಿದರು: ನಮ್ಮ ನೈಸಿಯಾ ಪ್ರತಿಯಲ್ಲಿ ಇದು ಇಲ್ಲವಲ್ಲ. ಮೂಲ ಕಾನ್‌ಸ್ಟಾಂಟಿನೋಪಲ್‌ನಲ್ಲಿದೆ ಅಂತಾರೆ. ಅಲ್ಲಿಗೆ, ಅಲೆಕ್ಸಾಂಡ್ರಿಯಕ್ಕೆ, ಅಂತಿಯೋಕ್ಯಕ್ಕೆ ಜನ ಕಳಿಸಿ ತಾಳೆ ನೋಡೋಣ. ಫೌಸ್ಟಿನಸ್‌ಗೆ ಮುಜುಗರ. ಪೋಪರೇ ವಿಚಾರಿಸಲಿ ಬಿಡಿ ಅಂದರು. ಆಫ್ರಿಕಾದವರು ಬಿಡಲಿಲ್ಲ. ಕಾನ್‌ಸ್ಟಾಂಟಿನೋಪಲ್‌ನ ಆಟಿಕಸ್, ಅಲೆಕ್ಸಾಂಡ್ರಿಯದ ಸಿರಿಲ್ ಇಬ್ಬರೂ ನಕಲು ಕಳಿಸಿದರು. ರೋಮ್ ತೋರಿಸಿದ ನಿಯಮ ಎರಡರಲ್ಲೂ ಇಲ್ಲ. ಯಾಕಂದರೆ ಅದು ಸಾರ್ದಿಕಾದ್ದು. ರೋಮಿನ ಪುಸ್ತಕಗಳಲ್ಲಿ ನೈಸಿಯಾ ನಿಯಮ ಮುಗಿದ ಕೂಡಲೇ ಸಾರ್ದಿಕಾದ್ದು ಬರುತ್ತಿತ್ತು, ಎರಡಕ್ಕೂ ಒಂದೇ ಕ್ರಮಸಂಖ್ಯೆ. ಮೋಸ ಅಂತ ನಾನು ಹೇಳಲಾರೆ. ಲೇಖಕರ ಕೈಚಳಕದಿಂದ ಹುಟ್ಟಿದ ಗೊಂದಲ.

ಅಷ್ಟಕ್ಕೇ ಮುಗಿಯಲಿಲ್ಲ. ಅಪಿಯಾರಿಯಸ್‌ಗೆ ಇನ್ನೊಂದು ಊರಿನಲ್ಲಿ ಕೆಲಸ ಸಿಕ್ಕಿತು. ಅಲ್ಲೂ ಅದೇ ಕತೆ. ಮತ್ತೆ ರೋಮಿಗೆ ಓಡಿದ. ಈಗಿನ ಪೋಪ್ ಸೆಲೆಸ್ಟೀನ್ ಮತ್ತೆ ಒಪ್ಪಿಕೊಂಡರು, ಮತ್ತೆ ಅದೇ ಫೌಸ್ಟಿನಸ್ ಜೊತೆ ಕಳಿಸಿದರು. ಫೌಸ್ಟಿನಸ್ ಅವನ ಪರವಾಗಿ ಮೂರು ದಿನ ವಾದ ಮಾಡುತ್ತಿರುವಾಗಲೇ ಅಪಿಯಾರಿಯಸ್ ಕುಸಿದು ಎಲ್ಲ ತಪ್ಪನ್ನೂ ಒಪ್ಪಿಕೊಂಡುಬಿಟ್ಟ. ಆಮೇಲೆ ಆಫ್ರಿಕಾದ ಬಿಷಪ್‌ಗಳು ಸೆಲೆಸ್ಟೀನ್‌ಗೆ ಬರೆದ ಪತ್ರ ಓದಬೇಕು. ಸಭೆ ಸೇರಿದ ಇಷ್ಟು ಜನ ಬಿಷಪ್‌ಗಳಿಗೆ ಕೊಡದ ನ್ಯಾಯಬುದ್ಧಿಯನ್ನು ದೇವರು ಎಲ್ಲೋ ಕೂತ ಒಬ್ಬರಿಗೆ ಮಾತ್ರ ಕೊಡುತ್ತಾನಾ ಅಂತ ಕೇಳುತ್ತಾರೆ. ಇನ್ನು ಮುಂದೆ ನಿಮ್ಮ ಪ್ರತಿನಿಧಿಗಳನ್ನು ಕಳಿಸಬೇಡಿ, ಲೋಕದ ದರ್ಪ ಕ್ರಿಸ್ತನ ಸಭೆಯೊಳಗೆ ಬರೋದು ಬೇಡ ಅಂತ ಮುಗಿಸುತ್ತಾರೆ.

ಸುಮ್ನೆಓದುಗ

ಮೇಷ್ಟ್ರೇ, ಇದು ಸಿನಿಮಾ ಆಗಬೇಕು. ಫೌಸ್ಟಿನಸ್ ಮುಖ ನೆನೆಸಿಕೊಂಡೇ ನಗು ಬರ್ತಿದೆ.

ಕಲ್ಯಾಣಪುರ_ಹೊಳೆಬದಿ

ನಗಿ, ನಗಿ. ಆದರೆ ಅದೇ ಆಫ್ರಿಕಾದವರು ಪೆಲೇಜಿಯಸ್ ಅನ್ನುವವನ ಬೋಧನೆ ಪಾಷಂಡ ಅನ್ನುವ ವಿಷಯದಲ್ಲಿ 416ರಲ್ಲಿ ರೋಮಿನ ಇನ್ನೊಸೆಂಟ್ ಸಮ್ಮತಿ ಕೇಳಿ ಪತ್ರ ಬರೆದದ್ದು ಮರೆಯಬೇಡಿ. ನಂಬಿಕೆಯ ವಿಷಯಕ್ಕೆ ರೋಮ್ ಬೇಕು, ಶಿಸ್ತಿನ ವಿಷಯಕ್ಕೆ ಬೇಡ. ನಾವು ಕರಾವಳಿಯವರೂ ಹಾಗೆಯೇ, ಬಿಡಿ.

ಶಿವಮೊಗ್ಗದ_ಮಳೆ

ಹಳೇಕಾಗದ ಅವರೇ, ಆರನೇ ನಿಯಮದ ಗಲಾಟೆ ಅಂದಿದ್ರಿ?

ಹಳೇಕಾಗದ

ಬಂದೆ. ಅದಕ್ಕೂ ಮೊದಲು 381. ಕಾನ್‌ಸ್ಟಾಂಟಿನೋಪಲ್‌ನಲ್ಲಿ 150 ಬಿಷಪ್‌ಗಳ ಸಭೆ, ಎಲ್ಲ ಪೂರ್ವದವರು. ಮೂರನೇ ನಿಯಮ: ಕಾನ್‌ಸ್ಟಾಂಟಿನೋಪಲ್ ಹೊಸ ರೋಮ್, ಹಾಗಾಗಿ ರೋಮಿನ ನಂತರದ ಗೌರವ ಅದರ ಬಿಷಪ್‌ಗೆ. ಐವತ್ತು ವರ್ಷದ ಹಿಂದೆ ಈ ಊರು ಉದ್ಘಾಟನೆ ಆಗಿತ್ತು ಅಷ್ಟೇ. ಅಲೆಕ್ಸಾಂಡ್ರಿಯದವರಿಗೆ ಹೊಟ್ಟೆ ಉರಿಯದೆ ಇರುತ್ತಾ? ಮುಂದಿನ 70 ವರ್ಷದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಮೂರು ಬಿಷಪ್‌ಗಳನ್ನು ಅಲೆಕ್ಸಾಂಡ್ರಿಯದವರು ಕೆಳಗಿಳಿಸಿದರು: ಕ್ರಿಸೊಸ್ಟಮ್, ನೆಸ್ಟೋರಿಯಸ್, ಫ್ಲೇವಿಯನ್. ನೆಸ್ಟೋರಿಯಸ್ ವಿಷಯದಲ್ಲಿ ರೋಮ್ ಅಲೆಕ್ಸಾಂಡ್ರಿಯದ ಜೊತೆ, ಉಳಿದ ಎರಡರಲ್ಲಿ ಎದುರು. ಪೂರ್ವ ಒಂದೇ ಬಣ ಅಂದುಕೊಂಡರೆ ಇದು ಅರ್ಥವೇ ಆಗಲ್ಲ.

451ರಲ್ಲಿ ಕಾಲ್ಸಿಡಾನ್ ಊರಿನಲ್ಲಿ ಮಹಾಸಭೆ. ಕ್ರಿಸ್ತನಲ್ಲಿ ದೈವ, ಮಾನುಷ ಎರಡು ಸ್ವಭಾವ ಇವೆ ಅಂತ ಪೋಪ್ ಲಿಯೋ ಬರೆದ ಪತ್ರ ಓದಿದಾಗ, ಪೇತ್ರ ಲಿಯೋ ಮೂಲಕ ಮಾತಾಡಿದ್ದಾನೆ ಅಂತ ಬಿಷಪ್‌ಗಳು ಕೂಗಿದರು. ಕಥೋಲಿಕರು ಯಾವಾಗಲೂ ಹೇಳುವ ಸಾಲು ಇದು. ಅದೇ ಉಸಿರಿನಲ್ಲಿ, ಸಿರಿಲ್ ಕಲಿಸಿದ್ದೂ ಇದೇ ಅಂತಲೂ ಕೂಗಿದರು. ಇಲ್ಲಿರಿಯ (ಬಾಲ್ಕನ್ ಕಡೆ) ಮತ್ತು ಪ್ಯಾಲೆಸ್ಟೈನಿನ ಕೆಲವರು ಅನುಮಾನ ಎತ್ತಿದರು. ಐದು ದಿನ ಟೈಮ್ ಕೊಟ್ಟು ಸಿರಿಲ್ ಬರಹದ ಜೊತೆ ತಾಳೆ ನೋಡಿದ ಮೇಲೆ ಒಪ್ಪಿದರು.

ಕೊನೆಯಲ್ಲಿ ರೋಮಿನ ಪ್ರತಿನಿಧಿಗಳು ಎದ್ದು ಹೋದ ಮೇಲೆ ಉಳಿದವರು 28ನೇ ನಿಯಮ ಪಾಸು ಮಾಡಿದರು. ಹಳೆಯ ರೋಮಿಗೆ ಹಿರಿಯರು ವಿಶೇಷ ಹಕ್ಕು ಕೊಟ್ಟದ್ದು ಅದು ರಾಜಧಾನಿ ಅಂತ, ಈಗ ಚಕ್ರವರ್ತಿ ಮತ್ತು ಸೆನೆಟ್ ಇರುವ ಹೊಸ ರೋಮಿಗೂ ಸಮಾನ ಹಕ್ಕು. ಮಾರನೇ ದಿನ ರೋಮಿನ ಪ್ರತಿನಿಧಿ ಪಾಸ್ಕಸಿನಸ್ ಎದ್ದು ನೈಸಿಯಾ ಆರನೇ ನಿಯಮವನ್ನು ತಮ್ಮ ಲ್ಯಾಟಿನ್ ಪ್ರತಿಯಿಂದ ಓದಿದರು. ಅದು ಶುರುವಾಗೋದೇ 'ರೋಮಿನ ಸಭೆಗೆ ಯಾವಾಗಲೂ ಪ್ರಧಾನ ಸ್ಥಾನ ಇತ್ತು' ಅಂತ. ಗ್ರೀಕ್ ಪ್ರತಿಯಲ್ಲಿ ಆ ಸಾಲೇ ಇಲ್ಲ. ಕಾರ್ತೇಜಿನಲ್ಲಿ ಆದದ್ದು 32 ವರ್ಷದ ಮೇಲೆ ಮತ್ತೆ ಆಯಿತು.

ಲಿಯೋ 28ನೇ ನಿಯಮ ಒಪ್ಪಲೇ ಇಲ್ಲ. ಅವರ ತರ್ಕ ಸೀದಾ: ರೋಮ್ ಮೊದಲಿರೋದು ಪೇತ್ರನಿಂದ, ರಾಜಧಾನಿ ಅಂತ ಅಲ್ಲ. ರಾಜಧಾನಿ ಅನ್ನೋದೇ ಕಾರಣ ಆದರೆ ರಾಜ ಎಲ್ಲಿಗೆ ಹೋದರೆ ಅಲ್ಲಿಗೆ ಪಟ್ಟ ಹೋಗಬೇಕಾಗುತ್ತೆ. ಆಗ ರೋಮಿನ ಸ್ಥಿತಿ ಏನಿತ್ತು? 410ರಲ್ಲಿ ಗೋಥರು ಲೂಟಿ ಮಾಡಿದ್ದರು, 455ರಲ್ಲಿ ವ್ಯಾಂಡಲರು ಮಾಡಲಿದ್ದರು. ಪಶ್ಚಿಮದ ಚಕ್ರವರ್ತಿಗಳೇ ಹೆಚ್ಚಾಗಿ ರವೆನ್ನಾದಲ್ಲಿ ಇರುತ್ತಿದ್ದರು. ಲಿಯೋಗೆ ಪೇತ್ರ ಬಿಟ್ಟರೆ ಕೈಯಲ್ಲಿ ಬೇರೇನು ಉಳಿದಿತ್ತು?

ಬ್ರಹ್ಮಾವರದವ

ಇಲ್ಲಿ ನಮ್ಮವರ ಮಾತೂ ಸೇರಲಿ. ನಾವು ಮಲಂಕರ ಆರ್ಥೊಡಾಕ್ಸ್. ಕಾಪ್ಟಿಕ್, ಸಿರಿಯನ್, ಅರ್ಮೇನಿಯನ್ನರ ಹಾಗೆ ನಾವೂ ಕಾಲ್ಸಿಡಾನ್ ಒಪ್ಪುವುದಿಲ್ಲ. ನಮಗೆ ಸಮಸ್ಯೆ 28ನೇ ನಿಯಮ ಅಲ್ಲ, ಲಿಯೋ ಬರೆದ ಪತ್ರವೇ. ನೀವೆಲ್ಲ ಪೂರ್ವ ಅಂದರೆ ಕಾನ್‌ಸ್ಟಾಂಟಿನೋಪಲ್ ಅಂತ ಮಾತಾಡುತ್ತೀರಿ. ಈಜಿಪ್ಟಿನ ರೈತನಿಗೆ ಅದೂ ಪಶ್ಚಿಮವೇ, ತೆರಿಗೆ ವಸೂಲಿಯವರ ಊರು.

ಇನ್ನೂ ಪೂರ್ವಕ್ಕೆ ಪರ್ಷಿಯಾದ ಸಭೆ ಉಂಟು. ಅವರು 424ರಲ್ಲೇ ದಾದೀಶೋ ಕಾಲದ ಸಭೆಯಲ್ಲಿ, ನಮ್ಮ ಕಥೋಲಿಕೋಸ್ (ಆ ಸಭೆಯ ಮುಖ್ಯಸ್ಥರು) ಮೇಲೆ ಪಶ್ಚಿಮದ ಯಾವ ಪಿತಾಮಹನಿಗೂ (ಪೇಟ್ರಿಯಾರ್ಕ್, ಅಂದರೆ ದೊಡ್ಡ ಊರಿನ ಮುಖ್ಯ ಬಿಷಪ್) ದೂರು ಕೊಡುವಂತಿಲ್ಲ ಅಂತ ತೀರ್ಮಾನ ಮಾಡಿದರು. ರೋಮ್ ಸಾಮ್ರಾಜ್ಯದ ನಂಟು ಇದ್ದರೆ ಷಾಹನ ಕಣ್ಣಿಗೆ ಬೇಹುಗಾರರು, ತಲೆ ಉಳಿಯುವುದಿಲ್ಲ. ಕೇರಳದ ಹಳೆಯ ಕ್ರೈಸ್ತರಿಗೆ ಬಿಷಪ್ ಬರುತ್ತಿದ್ದದ್ದು ಈ ಪರ್ಷಿಯಾ ಸಭೆಯಿಂದ. 1599ರಲ್ಲಿ ಉದಯಂಪೇರೂರ್ ಸಭೆಯಲ್ಲಿ ಪೋರ್ಚುಗೀಸರು ಅವರನ್ನು ರೋಮಿನ ಕೆಳಗೆ ತಂದದ್ದು, ಪೋರ್ಚುಗೀಸರ ವಿರುದ್ಧ 1653ರಲ್ಲಿ ಮಾಡಿದ ಕೂನನ್ ಶಿಲುಬೆಯ ಶಪಥ, ಎಲ್ಲ ಅದರ ಬಾಲವೇ.

ಕಲ್ಯಾಣಪುರ_ಹೊಳೆಬದಿ

ಆರನೇ ಶತಮಾನದ ಪ್ರವಾಸಿ ಕಾಸ್ಮಸ್ ಕಲ್ಲಿಯಾನಾದಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾರೆ ಅಂತ ಬರೆದಿದ್ದಾನಲ್ಲ. ಅದು ನಮ್ಮ ಕಲ್ಯಾಣಪುರ ಅಂತ ಇಲ್ಲಿಯ ಹಿರಿಯರು ಹೇಳುವುದುಂಟು.

ಲ್ಯಾಟಿನ್_ಮೇಷ್ಟ್ರು

ಮುಂಬೈ ಪಕ್ಕದ ಕಲ್ಯಾಣ್ ಅನ್ನೋರೇ ಜಾಸ್ತಿ. ಜಗಳ ಬೇಡ, ನಿಮ್ಮ ಹೊಳೆಬದಿ ನಿಮಗಿರಲಿ.

ಶಿವಮೊಗ್ಗದ_ಮಳೆ

ಬ್ರಹ್ಮಾವರದವರೇ, ನೀವು ಕೊಂಕಣಿ ಮಾತಾಡೋರು ಆರ್ಥೊಡಾಕ್ಸ್ ಆಗಿದ್ದು ಹೇಗೆ?

ಬ್ರಹ್ಮಾವರದವ

ಅದು 1880ರ ದಶಕದ್ದು. ಗೋವಾದ ಪೋರ್ಚುಗೀಸ್ ಪದ್ರೊಆದೊ (ಪೋರ್ಚುಗಲ್ ರಾಜನಿಗಿದ್ದ ಬಿಷಪ್ ನೇಮಕದ ಹಕ್ಕು) ಕೆಳಗೆ ಇರಬೇಕಾ, ರೋಮಿನ ಪ್ರೊಪಗಾಂದಾ (ಪೋಪರ ಧರ್ಮಪ್ರಚಾರ ಕಚೇರಿ) ಕೆಳಗಾ ಅನ್ನುವ ಜಗಳ. ಗೋವಾದ ಅಲ್ವಾರಿಸ್ ಗುರುಗಳು 1889ರಲ್ಲಿ ಕೇರಳದಲ್ಲಿ ಸಿರಿಯನ್ ಪರಂಪರೆಯಲ್ಲಿ ಮಾರ್ ಯೂಲಿಯೋಸ್ ಎಂದು ಬಿಷಪ್ ಆದರು. ನೊರೊನ್ಹಾ ಗುರುಗಳು ಇಲ್ಲಿ ಜನರನ್ನು ಕಟ್ಟಿದರು. ಸಾವಿರದ ನಾನೂರು ವರ್ಷದ ಹಿಂದಿನ ಪ್ರಶ್ನೆಯೇ: ನಮ್ಮ ಬಿಷಪನ್ನು ನೇಮಿಸುವುದು ಯಾರು?

ವೇದಿಕೆ_ನಿರ್ವಾಹಕಿ

ಎಲ್ಲರೂ ಸಭ್ಯವಾಗಿ ಮಾತಾಡ್ತಿದ್ದೀರಿ, ಖುಷಿ. ಡಿಲೀಟ್ ಮಾಡಿದ್ದು ಎರಡು ಕಾಮೆಂಟ್ ಮಾತ್ರ, ಯಾವುದು ಅಂತ ಬರೆದವರಿಗೆ ಗೊತ್ತು. ವಿಷಯ ಬಿಟ್ಟು ಹೋಗಬೇಡಿ.

ಸುಮ್ನೆಓದುಗ

ಪೋಪ್ ತಪ್ಪು ಮಾಡಿದ್ದಾರೆ ಅಂತ ಯಾವುದಾದರೂ ಮಹಾಸಭೆ ಹೇಳಿದ್ದು ಇದೆಯಾ?

ಲ್ಯಾಟಿನ್_ಮೇಷ್ಟ್ರು

ಇದೆ. ಹೊನೋರಿಯಸ್. ಕ್ರಿಸ್ತನಿಗೆ ಒಂದೇ ಇಚ್ಛೆ ಅನ್ನೋ ಅರ್ಥದ ಪತ್ರವನ್ನು 634ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ಗೆ ಬರೆದರು. 680-81ರ ಮಹಾಸಭೆ ಅವರು ಸತ್ತು 40 ವರ್ಷ ಆದ ಮೇಲೆ ಹೆಸರು ಹಿಡಿದು ಶಾಪ ಹಾಕಿತು. ರೋಮಿನ ಪ್ರತಿನಿಧಿಗಳು ಅಲ್ಲೇ ಕೂತಿದ್ದರು. ಮುಂದಿನ ಪೋಪ್ ಎರಡನೇ ಲಿಯೋ ಅದನ್ನು ಒಪ್ಪಿದರು. ಮಜಾ ಏನಂದರೆ ಇದೇ ಸಭೆ ಆಗಿನ ಪೋಪ್ ಅಗಾಥೋ ಪತ್ರ ಕೇಳಿ, ಪೇತ್ರ ಅಗಾಥೋ ಮೂಲಕ ಮಾತಾಡಿದ ಅಂತ ಹೊಗಳಿತು. ಒಬ್ಬ ಪೋಪ್ ಬಾಯಲ್ಲಿ ಪೇತ್ರ, ಇನ್ನೊಬ್ಬನಿಗೆ ಶಾಪ. ಅವರಿಗೆ ಅದರಲ್ಲಿ ವಿರೋಧ ಕಾಣಲಿಲ್ಲ.

ಕಲ್ಯಾಣಪುರ_ಹೊಳೆಬದಿ

ಹೊನೋರಿಯಸ್ ಖಾಸಗಿ ಪತ್ರದಲ್ಲಿ ಅಜಾಗರೂಕತೆಯಿಂದ ಬರೆದರು, ಇಡೀ ಧರ್ಮಸಭೆಗೆ ಬೋಧನೆ ಮಾಡಲಿಲ್ಲ ಅನ್ನುವುದು ನಮ್ಮ ಉತ್ತರ. ಪೋಪರ ಅಧಿಕೃತ ಬೋಧನೆ ತಪ್ಪಾಗದು ಅಂತ ತೀರ್ಮಾನಿಸಿದ 1870ರ ವ್ಯಾಟಿಕನ್ ಸಭೆಯಲ್ಲೂ ಈ ಹೆಸರು ಎದ್ದು ದೊಡ್ಡ ವಾಗ್ವಾದ ಆಯಿತು. ಎರಡನೇ ಲಿಯೋ ಕೂಡ ಅವರನ್ನು ಬೈದದ್ದು ಬೆಂಕಿ ಆರಿಸದೆ ಬಿಟ್ಟದ್ದಕ್ಕೆ.

ಇನ್ನೊಂದು ಮಾತು. ಚಕ್ರವರ್ತಿ ಕೈಯಲ್ಲಿ ಪೋಪರು ಪಟ್ಟ ಪಾಡು ನೋಡಿ. ವಿಜಿಲಿಯಸ್ ಅವರನ್ನು ಜಸ್ಟಿನಿಯನ್ 545ರಲ್ಲಿ ರೋಮಿನಿಂದ ಹೊತ್ತೊಯ್ದ. 551ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಒಂದು ಇಗರ್ಜಿಯಲ್ಲಿ ಸೈನಿಕರು ಕಾಲು, ಗಡ್ಡ ಹಿಡಿದು ಎಳೆದರು. ಬಲಿಪೀಠದ ಕಂಬ ತಬ್ಬಿಕೊಂಡು ಬಿಡಲೇ ಇಲ್ಲ. ಆ ವರ್ಷದ ಕೊನೆಗೆ ರಾತ್ರಿ ತಪ್ಪಿಸಿಕೊಂಡು ಎಲ್ಲಿಗೆ ಹೋದರು? ಕಾಲ್ಸಿಡಾನಿನ ಸಂತ ಯುಫೀಮಿಯಾ ಇಗರ್ಜಿಗೆ, 451ರ ಸಭೆ ನಡೆದ ಜಾಗಕ್ಕೇ. ಮಾರ್ಟಿನ್ 653ರಲ್ಲಿ ಬಂಧನವಾಗಿ ಕ್ರಿಮಿಯಾದಲ್ಲಿ ಗಡಿಪಾರಾಗಿ ಸತ್ತರು. ಇಷ್ಟು ಎಳೆದಾಡಿದ್ದು ಯಾಕೆ? ಪೋಪ್ ಸಹಿ ಬೇಕಿತ್ತು. ಬೆಲೆ ಇಲ್ಲದ ಸಹಿಗೆ ಇಷ್ಟು ಕಷ್ಟ ಯಾರು ಪಡುತ್ತಾರೆ?

ಹಳೇಕಾಗದ

ಇದು ಗಟ್ಟಿ ವಾದ, ಒಪ್ಪಿದೆ. ನನ್ನ ಮೊದಲ ಮಾತಿಗೆ ಬಲ ಕೊಡೋದೂ ಇದೇ. ಸಹಿ ಇಲ್ಲದೆ ಪೂರ್ವಕ್ಕೆ ನಡೆಯುತ್ತಿರಲಿಲ್ಲ. ಆದರೆ ಸಹಿ ಕೊಡಲ್ಲ ಅಂದಾಗ ಅದನ್ನು ಕೊನೆಯ ಮಾತು ಅಂತ ಒಪ್ಪಲೂ ತಯಾರಿರಲಿಲ್ಲ. 484ರಿಂದ 519ರವರೆಗೆ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ನಡುವೆ ಸಂಬಂಧವೇ ಕಡಿದುಹೋಗಿತ್ತು. 519ರಲ್ಲಿ ಪೋಪ್ ಹೊರ್ಮಿಸ್ದಾಸ್ ಕಳಿಸಿದ ಒಪ್ಪಂದಕ್ಕೆ ಕಾನ್‌ಸ್ಟಾಂಟಿನೋಪಲ್ ಪಿತಾಮಹ ಜಾನ್ ಸಹಿ ಹಾಕಿದರು, ಆದರೆ ಮುನ್ನುಡಿಯಲ್ಲಿ ತಮ್ಮದೇ ಒಂದು ಸಾಲು ಸೇರಿಸಿದರು: ಹಳೆಯ ರೋಮ್ ಮತ್ತು ಹೊಸ ರೋಮಿನ ಪೀಠ ಎರಡೂ ಒಂದೇ ಅಂತ ನಾನು ನಂಬುತ್ತೇನೆ. ರೋಮಿನವರು ಅದನ್ನು ಶರಣಾಗತಿ ಅಂತ ಓದಿದರು. ಕಾನ್‌ಸ್ಟಾಂಟಿನೋಪಲ್‌ನವರು ಸಮಾನತೆ ಅಂತ ಓದಿದರು.

ಶಿವಮೊಗ್ಗದ_ಮಳೆ

ಹಾಗಾದ್ರೆ ರೋಮ್ ಯಾವಾಗ ನಿಜವಾಗಿ 'ಪಶ್ಚಿಮ' ಆಯ್ತು?

ಲ್ಯಾಟಿನ್_ಮೇಷ್ಟ್ರು

ಎಂಟನೇ ಶತಮಾನದಲ್ಲಿ. ಅದಕ್ಕೂ ಮುಂಚಿನ ಸುಮಾರು 75 ವರ್ಷ ರೋಮಿನಲ್ಲಿ ಪೋಪ್ ಆದವರಲ್ಲಿ ಹೆಚ್ಚಿನವರು ಗ್ರೀಕರು, ಸಿರಿಯಾದವರು. ಪರ್ಷಿಯನ್ನರು, ಅರಬರು ಸಿರಿಯಾ ಹಿಡಿದಾಗ ಓಡಿಬಂದ ಕುಟುಂಬಗಳೂ ಇದ್ದವು. ಸರ್ಜಿಯಸ್ ಅವರನ್ನೇ ತಗೊಳ್ಳಿ. ಅಂತಿಯೋಕ್ಯದ ಕುಟುಂಬ, ಸಿಸಿಲಿಯಲ್ಲಿ ಬೆಳೆದವರು. ಇಗರ್ಜಿಯ ಬಲಿಪೂಜೆಯಲ್ಲಿ (ಮಾಸ್) 'ದೇವರ ಕುರಿಮರಿ' ಹಾಡೋ ಪದ್ಧತಿ ತಂದವರು ಇವರೇ. 692ರಲ್ಲಿ ಚಕ್ರವರ್ತಿ ಎರಡನೇ ಜಸ್ಟಿನಿಯನ್ ಒಂದು ಸಭೆ ಸೇರಿಸಿ ರೋಮಿನ ಪದ್ಧತಿಗಳ ವಿರುದ್ಧವೂ ನಿಯಮ ಮಾಡಿ, ಕಾಲ್ಸಿಡಾನಿನ 28ನೇ ನಿಯಮವನ್ನು ಮತ್ತೆ ಪಾಸು ಮಾಡಿ ಸಹಿಗೆ ಕಳಿಸಿದ. ಸಿರಿಯಾ ಮೂಲದ ಪೋಪ್ ಸಹಿ ಹಾಕಲ್ಲ ಅಂದರು.

ಬಂಧಿಸಲು ಜಕರಿಯಸ್ ಅನ್ನೋ ಅಧಿಕಾರಿ ಬಂದ. ಆದರೆ ಚಕ್ರವರ್ತಿಯದೇ ಆದ ರವೆನ್ನಾದ ಸೈನ್ಯ ಪೋಪ್ ಪರವಾಗಿ ರೋಮಿಗೆ ನುಗ್ಗಿತು. ಹೆದರಿದ ಅಧಿಕಾರಿ ಪೋಪ್ ಮಲಗೋ ಕೋಣೆಗೆ ಓಡಿ ಮಂಚದ ಕೆಳಗೆ ಅವಿತುಕೊಂಡ. ಸರ್ಜಿಯಸ್ ಹೊರಗೆ ಬಂದು ಸೈನಿಕರನ್ನು ಸಮಾಧಾನ ಮಾಡಿ ಅವನ ಜೀವ ಉಳಿಸಿದರು.

ಗ್ರೀಕ್ ಪೋಪರಲ್ಲಿ ಕೊನೆಯವರು ಜಕರಿಯ, 752ರಲ್ಲಿ ತೀರಿಕೊಂಡರು. ಅದರ ಹಿಂದಿನ ವರ್ಷ ಲೊಂಬಾರ್ಡರು ರವೆನ್ನಾ ಹಿಡಿದಿದ್ದರು. ಕಾನ್‌ಸ್ಟಾಂಟಿನೋಪಲ್‌ನಿಂದ ಸೈನ್ಯ ಬರಲಿಲ್ಲ. ಚಕ್ರವರ್ತಿಗಳು ವಿಗ್ರಹ ಒಡೆಯೋ ಗಲಾಟೆಯಲ್ಲಿದ್ದರು. ಸಿಸಿಲಿ, ಇಲ್ಲಿರಿಯದ ಸಭೆಗಳನ್ನು ರೋಮಿನ ಕೈಯಿಂದ ಕಿತ್ತು ಕಾನ್‌ಸ್ಟಾಂಟಿನೋಪಲ್‌ಗೆ ಸೇರಿಸಿದ್ದೂ ಅದೇ ಶತಮಾನದಲ್ಲಿ. ಮುಂದಿನ ಪೋಪ್ ಎರಡನೇ ಸ್ಟೀಫನ್ ಚಳಿಗಾಲದಲ್ಲಿ ಆಲ್ಪ್ಸ್ ದಾಟಿ ಫ್ರಾಂಕರ ಪೆಪಿನ್ ಹತ್ತಿರ ಹೋಗಿ, 754ರಲ್ಲಿ ಅವನಿಗೆ ಅಭಿಷೇಕ ಮಾಡಿದರು. ಆಮೇಲೆ ಪೋಪ್ ಕಾವಲಿಗೆ ಫ್ರಾಂಕರು ಬಂದರು.

ಕಲ್ಯಾಣಪುರ_ಹೊಳೆಬದಿ

ಫ್ರಾಂಕರು ಬಂದ ಮೇಲೆ ವಿಶ್ವಾಸಪ್ರಮಾಣದಲ್ಲಿ ಪವಿತ್ರಾತ್ಮ ತಂದೆಯಿಂದ ಹೊರಡುತ್ತಾನೆ ಅನ್ನುವ ಕಡೆ 'ಮತ್ತು ಪುತ್ರನಿಂದ' ಅಂತ ಸೇರಿಸಿದ ಜಗಳ ಬರುತ್ತದೆ. ಅದಕ್ಕೆ ಬೇರೆ ಥ್ರೆಡ್ ಬೇಕು.

ಬ್ರಹ್ಮಾವರದವ

ತೆರೆಯಿರಿ. ಆದರೆ ಪೋಪ್ ಮೂರನೇ ಲಿಯೋ ಆ ಪದ ಇಲ್ಲದ ಪ್ರಮಾಣವನ್ನೇ ಬೆಳ್ಳಿ ಫಲಕದಲ್ಲಿ ಕೆತ್ತಿಸಿ ರೋಮಿನಲ್ಲಿ ತೂಗುಹಾಕಿದರು ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಬೇಕು.

ಕಲ್ಯಾಣಪುರ_ಹೊಳೆಬದಿ

ಬರೆಯುವ ಮಾರಾಯ್ರೇ, ಎರಡನೇ ಸಾಲಿನಲ್ಲಿ.